ಹಾಳಾದ ಸಾಲದ ಚರಿತ್ರೆಯನ್ನು ಸರಿಪಡಿಸಿಕೊಳ್ಳಲು ಯಾವ ಕ್ರೆಡಿಟ್ ಕಾರ್ಡ್? ವಯನಾಡಿನ ಕನ್ನಡ ಕುಟುಂಬಗಳಿಗೊಂದು ಕೈಪಿಡಿ

ಹನ್ನೆರಡನೆಯ ತರಗತಿ ಮುಗಿಸಿದ ಮಗಳಿಗೆ ಮೈಸೂರಿನಲ್ಲೋ ಕಲ್ಲಿಕೋಟೆಯಲ್ಲೋ ನರ್ಸಿಂಗ್ ಸೀಟು ದೊರೆಯುತ್ತದೆ. ಶಿಕ್ಷಣ ಸಾಲಕ್ಕೆ ಜೊತೆಗಾರನಾಗಿ ಸಹಿ ಹಾಕಲು ತಂದೆ ಬ್ಯಾಂಕಿಗೆ ಹೋಗುತ್ತಾರೆ. ಅಧಿಕಾರಿ ಗಣಕಯಂತ್ರವನ್ನು ನೋಡಿ, ‘ನಿಮ್ಮ ಸಿಬಿಲ್ ಸರಿಯಿಲ್ಲ’ ಎನ್ನುತ್ತಾರೆ. ಶುಂಠಿಗೆ ಕೊಳೆರೋಗ ಬಂದ ವರ್ಷ ಕಟ್ಟಲಾಗದೆ ಉಳಿದ ಕಂತುಗಳು, ಭಾವಮೈದುನನ ಸಾಲಕ್ಕೆ ಹಾಕಿದ ಜಾಮೀನು, ಎಂದೋ ತೆಗೆದುಕೊಂಡು ಮರೆತ ಮೊಬೈಲ್ ಕಂತು ಎಲ್ಲವೂ ಅಲ್ಲಿ ಒಂದೇ ಹಾಳೆಯಲ್ಲಿ ಕುಳಿತಿರುತ್ತವೆ. ಮನೆಯವರು ಅದನ್ನು ಮರೆತಿದ್ದರೂ ಹಾಳೆ ಮರೆತಿರುವುದಿಲ್ಲ.

ಈ ಹಾಳೆಯನ್ನು ಸರಿಪಡಿಸಿಕೊಳ್ಳುವ ದಾರಿಗಳಲ್ಲಿ ಒಂದು, ಠೇವಣಿಯ ಆಧಾರದ ಮೇಲೆ ಪಡೆಯುವ ಕ್ರೆಡಿಟ್ ಕಾರ್ಡ್. ಅದು ಯಾರಿಗೆ ಹೊಂದುತ್ತದೆ, ಯಾರಿಗೆ ಹೊಂದುವುದಿಲ್ಲ, ಆಯ್ಕೆ ಮಾಡುವಾಗ ಏನನ್ನು ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ವಯನಾಡಿನಲ್ಲಿ ಸಾಲದ ಚರಿತ್ರೆ ಕೆಡುವ ಬಗೆ

ನಗರಗಳಲ್ಲಿ ಸಾಲದ ಅಂಕ ಕೆಡಲು ಹೆಚ್ಚಾಗಿ ದುಂದುವೆಚ್ಚವೇ ಕಾರಣ ಎನ್ನುತ್ತಾರೆ. ವಯನಾಡಿನ ಕಥೆ ಬೇರೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕರಿಮೆಣಸು ಮತ್ತು ಕಾಫಿಯ ಬೆಲೆ ಕುಸಿದು, ಸೊರಗು ರೋಗ ಮೆಣಸಿನ ಬಳ್ಳಿಗಳನ್ನು ತಿಂದಾಗ ಜಿಲ್ಲೆಯ ರೈತರು ಸಾಲದಲ್ಲಿ ಮುಳುಗಿದರು. ಅನೇಕರು ಜೀವ ಕಳೆದುಕೊಂಡರು. ಆ ಸಂಕಟದ ಹಿನ್ನೆಲೆಯಲ್ಲೇ ಕೇರಳ ಸರ್ಕಾರ 2006ರಲ್ಲಿ ರೈತರ ಋಣಪರಿಹಾರ ಆಯೋಗದ ಕಾಯ್ದೆಯನ್ನು ತಂದಿತು. ಅನಂತರ ಶುಂಠಿ ಬಂತು. ಗಡಿ ದಾಟಿ ಕೊಡಗು, ಹೆಗ್ಗಡದೇವನಕೋಟೆ ಕಡೆ ಗುತ್ತಿಗೆಗೆ ನೆಲ ಹಿಡಿದವರಲ್ಲಿ ಕೆಲವರು ಗೆದ್ದರು, ಹಲವರು ಸೋತರು. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿಯ ಮುಂಡಕ್ಕೈ ಮತ್ತು ಚೂರಲ್‌ಮಲೆಯಲ್ಲಿ ಗುಡ್ಡ ಕುಸಿದಾಗ ಮನೆ, ತೋಟ, ಅಂಗಡಿಗಳು ಹೋದವು. ಅವುಗಳ ಮೇಲೆ ತೆಗೆದ ಸಾಲ ಮಾತ್ರ ಉಳಿಯಿತು.

ಇವುಗಳಲ್ಲಿ ಯಾವುದೂ ಸಾಲಗಾರನ ನಡತೆಯ ದೋಷವಲ್ಲ. ಆದರೆ ಅಂಕವನ್ನು ಲೆಕ್ಕ ಹಾಕುವ ಯಂತ್ರ ಕಾರಣವನ್ನು ಕೇಳುವುದಿಲ್ಲ, ದಿನಾಂಕವನ್ನು ಮಾತ್ರ ನೋಡುತ್ತದೆ. ಹೀಗಾಗಿ ನಾಚಿಕೆಪಟ್ಟು ಸುಮ್ಮನಿರುವುದರಿಂದ ಪ್ರಯೋಜನವಿಲ್ಲ. ದಿನಾಂಕಗಳನ್ನು ಸರಿಯಾಗಿಸುತ್ತ ಹೋಗುವುದೇ ಉಪಾಯ.

ಅಂಕವನ್ನು ಬರೆಯುವವರು ಯಾರು?

ಜನರು ‘ಸಿಬಿಲ್’ ಎಂದು ಕರೆಯುವುದು 2000ನೇ ಇಸವಿಯಲ್ಲಿ ಸ್ಥಾಪನೆಯಾದ ಒಂದು ಸಂಸ್ಥೆಯನ್ನು. ಈಗಿನ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಇದರ ಜೊತೆಗೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ಇನ್ನೂ ಮೂರು ಸಂಸ್ಥೆಗಳು ದೇಶದಲ್ಲಿವೆ. ಇವೆಲ್ಲ 2005ರ ಕಾಯ್ದೆಯೊಂದರ ಅಡಿಯಲ್ಲಿ, ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿ ಕೆಲಸ ಮಾಡುತ್ತವೆ. ಅಂಕ 300ರಿಂದ 900ರವರೆಗೆ ಇರುತ್ತದೆ. ಸಾಮಾನ್ಯವಾಗಿ 750ರ ಮೇಲಿದ್ದರೆ ಬ್ಯಾಂಕುಗಳು ಒಳ್ಳೆಯದೆಂದು ಪರಿಗಣಿಸುತ್ತವೆ. ಎಂದೂ ಸಾಲ ಪಡೆಯದವರಿಗೆ ಅಂಕವೇ ಇರುವುದಿಲ್ಲ. ಅಂಕವಿಲ್ಲದಿರುವುದೂ ಅಂಕ ಕೆಟ್ಟಿರುವುದೂ ಒಂದೇ ಅಲ್ಲ. ಸಾಲದ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ಮೊದಲ ಬಾರಿಯ ಸಾಲಗಾರರ ಅರ್ಜಿಯನ್ನು ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ.

ಬ್ಯಾಂಕುಗಳು ಹದಿನೈದು ದಿನಗಳಿಗೊಮ್ಮೆ ಈ ಸಂಸ್ಥೆಗಳಿಗೆ ಲೆಕ್ಕ ಕಳುಹಿಸಬೇಕೆಂಬ ನಿಯಮ 2025ರ ಜನವರಿ 1ರಂದು ಜಾರಿಗೆ ಬಂತು. ಕಟ್ಟಿದ್ದೂ ತಪ್ಪಿದ್ದೂ ಈಗ ಹಿಂದಿಗಿಂತ ಬೇಗ ದಾಖಲಾಗುತ್ತವೆ.

ಮೊದಲ ಹೆಜ್ಜೆ ಕಾರ್ಡ್ ಅಲ್ಲ, ವರದಿ

ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2017ರಿಂದ ಇದೆ. ಅವುಗಳ ಅಧಿಕೃತ ಜಾಲತಾಣದಲ್ಲಿ ಪಾನ್ ಸಂಖ್ಯೆ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು ಪಡೆಯಬಹುದು. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ. ಸಾಲಕ್ಕಾಗಿ ಬ್ಯಾಂಕಿನವರು ನೋಡಿದರೆ ಅದು ವಿಚಾರಣೆಯೆಂದು ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಿದರೆ ಅಂಕಕ್ಕೆ ಪೆಟ್ಟು ಬೀಳುತ್ತದೆ.

ವರದಿಯಲ್ಲಿ ಪ್ರತಿ ಸಾಲದ ಕೆಳಗೆ ಮೂವತ್ತಾರು ತಿಂಗಳವರೆಗಿನ ಪಾವತಿಯ ಲೆಕ್ಕ ಇರುತ್ತದೆ. ‘000’ ಎಂದರೆ ಬಾಕಿ ಇಲ್ಲ. ‘030’, ‘090’ ಎಂಬಂಥ ಅಂಕಿಗಳು ಎಷ್ಟು ದಿನ ತಡವಾಗಿದೆ ಎಂಬುದನ್ನು ತಿಳಿಸುತ್ತವೆ. ‘ಕ್ಲೋಸ್ಡ್’ ಎಂದಿದ್ದರೆ ಸಾಲ ಪೂರ್ತಿ ತೀರಿದೆ. ‘ಸೆಟಲ್ಡ್’ ಎಂದಿದ್ದರೆ ಬ್ಯಾಂಕ್ ಕಡಿಮೆ ಹಣಕ್ಕೆ ಒಪ್ಪಿ ಬಿಟ್ಟುಕೊಟ್ಟಿದೆ. ನಿಮಗೆ ಹಗುರವಾದರೂ ಮುಂದಿನ ಬ್ಯಾಂಕಿಗೆ ಅದು ಎಚ್ಚರಿಕೆಯ ಗುರುತು. ‘ರಿಟನ್ ಆಫ್’ ಎಂದರೆ ಸಾಲ ಮನ್ನಾ ಆಯಿತೆಂದು ಅನೇಕರು ತಿಳಿದಿದ್ದಾರೆ. ಅದು ಬ್ಯಾಂಕಿನ ಲೆಕ್ಕದ ಪುಸ್ತಕದ ಮಾತು. ಸಾಲ ನಿಮ್ಮ ಹೆಸರಿನಲ್ಲಿ ಉಳಿದೇ ಇರುತ್ತದೆ. ಪ್ರಕೃತಿ ವಿಕೋಪದ ಕಾರಣದಿಂದ ಪುನರ್ರಚನೆಯಾದ ಸಾಲಕ್ಕೆ ಪ್ರತ್ಯೇಕ ನಮೂದು ಇದೆ. ದುರಂತದ ಬಳಿಕ ಬ್ಯಾಂಕ್ ನಿಮ್ಮ ಸಾಲವನ್ನು ಪುನರ್ರಚಿಸಿದ್ದರೆ ಆ ನಮೂದೇ ಬಿದ್ದಿದೆಯೇ, ಅಥವಾ ಬರೀ ಬಾಕಿದಾರ ಎಂದು ಬಿದ್ದಿದೆಯೇ ಎಂದು ನೋಡಿಕೊಳ್ಳಬೇಕು.

ಗಡಿನಾಡಿನವರು ವಿಶೇಷವಾಗಿ ಪರಿಶೀಲಿಸಬೇಕಾದ ಸಂಗತಿಗಳು ಮೂರು. ಮೊದಲನೆಯದು ಹೆಸರು. ಶಾಲೆಯ ದಾಖಲೆಯಲ್ಲಿ ಕನ್ನಡದ ರೂಢಿಯಂತೆ, ಆಧಾರ್‌ನಲ್ಲಿ ಮಲಯಾಳದ ಉಚ್ಚಾರದಂತೆ, ಪಾನ್‌ನಲ್ಲಿ ಇನ್ನೊಂದು ಇಂಗ್ಲಿಷ್ ಕಾಗುಣಿತದಲ್ಲಿ ಹೆಸರಿದ್ದರೆ ಒಬ್ಬರ ಸಾಲ ಎರಡು ಕಡತಗಳಾಗಿ ಒಡೆಯಬಹುದು, ಇಲ್ಲವೇ ಇನ್ನೊಬ್ಬರ ಸಾಲ ನಿಮ್ಮ ಕಡತಕ್ಕೆ ಸೇರಬಹುದು. ಎರಡನೆಯದು ಗಡಿಯಾಚೆಯ ಖಾತೆ. ಬೈರಕುಪ್ಪೆ ಕಡೆಯ ಬ್ಯಾಂಕಿನಲ್ಲಿ ಮಾಡಿದ ಸಾಲವೂ ಮಾನಂದವಾಡಿಯಲ್ಲಿ ಮಾಡಿದ ಸಾಲವೂ ಒಂದೇ ವರದಿಗೆ ಬರುತ್ತವೆ. ಸಾಲದ ಹಾಳೆಗೆ ರಾಜ್ಯದ ಗಡಿಯಿಲ್ಲ. ಮೂರನೆಯದು ಜಾಮೀನು. ನೀವು ಜಾಮೀನು ನಿಂತ ಸಾಲ ನಿಮ್ಮ ವರದಿಯಲ್ಲೂ ಕಾಣಿಸುತ್ತದೆ. ಅವರು ಕಟ್ಟದಿದ್ದರೆ ಅಂಕ ಇಳಿಯುವುದು ನಿಮ್ಮದೂ ಹೌದು.

ತಪ್ಪು ಕಂಡರೆ ವರದಿ ಕೊಟ್ಟ ಸಂಸ್ಥೆಗೂ ಬ್ಯಾಂಕಿಗೂ ಬರವಣಿಗೆಯಲ್ಲಿ ದೂರು ಕೊಡಬೇಕು. ಮೂವತ್ತು ದಿನಗಳಲ್ಲಿ ಅದು ಇತ್ಯರ್ಥವಾಗದಿದ್ದರೆ ಅನಂತರದ ಪ್ರತಿ ದಿನಕ್ಕೆ ₹100ರಂತೆ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್ 26ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ. ಅನೇಕರ ಅಂಕ ಇಷ್ಟರಿಂದಲೇ ಏರಬಹುದು. ಕಾರ್ಡಿನ ಅಗತ್ಯವೇ ಬೀಳದಿರಬಹುದು.

ಠೇವಣಿ ಆಧಾರಿತ ಕಾರ್ಡ್ ಎಂದರೇನು?

ಅಂಕ ಕೆಟ್ಟವರಿಗೆ ಸಾಮಾನ್ಯ ಕ್ರೆಡಿಟ್ ಕಾರ್ಡ್ ಸಿಗುವುದು ಕಷ್ಟ. ಆದರೆ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ, ಅಂದರೆ ಎಫ್‌ಡಿ ಇಟ್ಟರೆ, ಅದನ್ನು ಆಧಾರವಾಗಿಟ್ಟುಕೊಂಡು ಬ್ಯಾಂಕ್ ಕಾರ್ಡ್ ಕೊಡುತ್ತದೆ. ಎಸ್‌ಬಿಐ ಕಾರ್ಡ್‌ನ ‘ಉನ್ನತಿ’, ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ ‘ವಾವ್’, ಆಕ್ಸಿಸ್ ಬ್ಯಾಂಕಿನ ‘ಇನ್‌ಸ್ಟಾ ಈಜಿ’ ಇಂಥ ಕಾರ್ಡುಗಳಿಗೆ ಉದಾಹರಣೆಗಳು. ಠೇವಣಿಯ ಕನಿಷ್ಠ ಮೊತ್ತ ಬ್ಯಾಂಕಿನಿಂದ ಬ್ಯಾಂಕಿಗೆ ಬದಲಾಗುತ್ತದೆ. ಕೆಲವೆಡೆ ₹20,000–25,000, ಕೆಲವೆಡೆ ಅದಕ್ಕಿಂತ ಕಡಿಮೆ, ಕೆಲವೆಡೆ ಹೆಚ್ಚು. ಖರ್ಚಿನ ಮಿತಿ ಸಾಮಾನ್ಯವಾಗಿ ಠೇವಣಿಯ ಶೇ. 75ರಿಂದ 100ರವರೆಗೆ ಇರುತ್ತದೆ. ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಕಾರ್ಡ್ ಇರುವವರೆಗೆ ಅದನ್ನು ಮುರಿಯುವಂತಿಲ್ಲ.

ಇದು ಡೆಬಿಟ್ ಕಾರ್ಡ್ ಅಲ್ಲ. ಡೆಬಿಟ್ ಕಾರ್ಡಿನಲ್ಲಿ ಖರ್ಚಾಗುವುದು ನಿಮ್ಮ ಹಣ. ಅದರಿಂದ ಸಾಲದ ಚರಿತ್ರೆ ಬೆಳೆಯುವುದಿಲ್ಲ. ಕಿಸಾನ್ ಕ್ರೆಡಿಟ್ ಕಾರ್ಡೂ ಇದಲ್ಲ. ಹೆಸರಿನಲ್ಲಿ ‘ಕಾರ್ಡ್’ ಇದ್ದರೂ ಅದು ಬೆಳೆಸಾಲ. ಅದನ್ನು ಅವಧಿಯೊಳಗೆ ತೀರಿಸಿ ನವೀಕರಿಸಿದರೆ ಅಂಕಕ್ಕೂ ಒಳ್ಳೆಯದು, ಬಡ್ಡಿ ರಿಯಾಯಿತಿಯೂ ಉಳಿಯುತ್ತದೆ.

ಯಾರಿಗೆ ಹೊಂದುವುದಿಲ್ಲ?

ಇಂದೇ ಹಣ ಬೇಕಾಗಿರುವವರಿಗೆ ಈ ಕಾರ್ಡ್ ಹೊಂದುವುದಿಲ್ಲ. ಹಳೆಯ ಸಾಲದ ಕಂತು ಈಗಲೂ ಬಾಕಿಯಿದ್ದರೆ ಕೈಯಲ್ಲಿರುವ ಹಣವನ್ನು ಠೇವಣಿಯಿಡುವ ಬದಲು ಆ ಬಾಕಿಗೆ ಕಟ್ಟುವುದೇ ಸರಿ. ಒಂದು ಕಡೆ ಬಾಕಿ ಬೆಳೆಯುತ್ತಿರುವಾಗ ಇನ್ನೊಂದು ಕಡೆಯ ಒಳ್ಳೆಯ ದಾಖಲೆ ಅಂಕವನ್ನು ಎತ್ತಲಾರದು. ಠೇವಣಿಗಾಗಿ ಹೆಂಡತಿಯ ಬಳೆ ಒತ್ತೆ ಇಡುವುದು, ಬ್ಲೇಡ್ ಬಡ್ಡಿಗೆ ಹಣ ತರುವುದು ಸಲ್ಲದು. ಬ್ಲೇಡ್ ಬಡ್ಡಿಯವರ ವಿರುದ್ಧ ಕೇರಳ ಪೊಲೀಸರು 2014ರಲ್ಲಿ ‘ಆಪರೇಷನ್ ಕುಬೇರ’ ನಡೆಸಿದ್ದನ್ನು ಓದುಗರು ನೆನಪಿಸಿಕೊಳ್ಳಬಹುದು.

ಕಾರ್ಡ್ ಬೇಡವೆನ್ನುವವರಿಗೂ ದಾರಿಯಿದೆ. ಕುಟುಂಬಶ್ರೀ ಗುಂಪಿನ ಮೂಲಕ ಬ್ಯಾಂಕಿನಿಂದ ಪಡೆದ ಸಾಲ, ಬ್ಯಾಂಕಿನ ಸಣ್ಣ ಚಿನ್ನದ ಸಾಲ ಇವುಗಳನ್ನು ಅವಧಿಗೆ ಸರಿಯಾಗಿ ತೀರಿಸಿದರೂ ದಾಖಲೆ ಸುಧಾರಿಸಬಲ್ಲದು. ಆ ಸಾಲದ ಲೆಕ್ಕವನ್ನು ನಿಮ್ಮ ಹೆಸರಿನಲ್ಲಿ ವರದಿ ಮಾಡುತ್ತೀರಾ ಎಂದು ಮೊದಲೇ ಕೇಳಿಕೊಳ್ಳಬೇಕು.

ಆಯ್ಕೆ ಮಾಡುವಾಗ ಕೇಳಬೇಕಾದ ಪ್ರಶ್ನೆಗಳು

1. ಎಲ್ಲ ನಾಲ್ಕು ಸಂಸ್ಥೆಗಳಿಗೂ ಲೆಕ್ಕ ಹೋಗುತ್ತದೆಯೇ? ಕಾರ್ಡ್ ಪಡೆಯುವ ಉದ್ದೇಶವೇ ಇದು. ಹೌದೆಂಬ ಸ್ಪಷ್ಟ ಉತ್ತರ ಬಾರದಿದ್ದರೆ ಮುಂದಿನ ಬ್ಯಾಂಕನ್ನು ನೋಡಿ.

2. ವಾರ್ಷಿಕ ಶುಲ್ಕ ಎಷ್ಟು? ಮೊದಲ ವರ್ಷ ಉಚಿತವೆಂದು ಹೇಳಿ ಎರಡನೆಯ ವರ್ಷದಿಂದ ಶುಲ್ಕ ಹಾಕುವ ಕಾರ್ಡುಗಳಿವೆ. ₹20,000 ಮಿತಿಯ ಕಾರ್ಡಿಗೆ ವರ್ಷಕ್ಕೆ ₹500 ಕೊಡುವುದು ದುಬಾರಿ. ಶುಲ್ಕವೇ ಇಲ್ಲದ ಕಾರ್ಡಿಗೆ ಆದ್ಯತೆ ಕೊಡಿ.

3. ಠೇವಣಿಯ ಕನಿಷ್ಠ ಮೊತ್ತ, ಅವಧಿ, ಬಡ್ಡಿ ಎಷ್ಟು? ಕಾರ್ಡ್ ಮುಚ್ಚಿದ ಬಳಿಕ ಠೇವಣಿ ಎಷ್ಟು ದಿನಕ್ಕೆ ಕೈಗೆ ಬರುತ್ತದೆ?

4. ತಡವಾದರೆ ದಂಡ ಎಷ್ಟು, ತಿಂಗಳಿಗೆ ಬಡ್ಡಿ ಎಷ್ಟು? ಜಾಹೀರಾತಿನ ಹಾಳೆಯಲ್ಲಿ ತಿಂಗಳ ದರ ಮಾತ್ರ ದೊಡ್ಡದಾಗಿ ಕಾಣಿಸಿದರೆ ವಾರ್ಷಿಕ ದರವನ್ನು ಕೇಳಿ.

5. ಅದು ರುಪೇ ಕಾರ್ಡೇ? ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಅಂಗಡಿಯ ಕ್ಯೂಆರ್ ಮೂಲಕ ಪಾವತಿಸಲು 2022ರಿಂದ ಅವಕಾಶವಿದೆ. ಕಾರ್ಡ್ ಉಜ್ಜುವ ಯಂತ್ರವಿಲ್ಲದ ಪುಲ್ಪಳ್ಳಿಯ ಗೊಬ್ಬರದಂಗಡಿಯಲ್ಲೂ ತೋಲ್ಪೆಟ್ಟಿಯ ದಿನಸಿ ಅಂಗಡಿಯಲ್ಲೂ ಇದರಿಂದ ಅನುಕೂಲವಾಗಬಹುದು.

6. ಪಾವತಿಯ ದಿನಾಂಕವನ್ನು ಬದಲಿಸಿಕೊಳ್ಳಬಹುದೇ? ಕೂಲಿ, ಹಾಲಿನ ಹಣ, ಸಂಬಳ ಕೈಗೆ ಬರುವ ದಿನದ ನಂತರವೇ ಬಿಲ್ಲಿನ ಕೊನೆಯ ದಿನ ಬೀಳುವಂತೆ ಮಾಡಿಕೊಳ್ಳುವುದು ಜಾಣತನ. ಬಿಲ್ಲಿನ ಆವರ್ತವನ್ನು ಕನಿಷ್ಠ ಒಮ್ಮೆ ಬದಲಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಕಾರ್ಡುದಾರರಿಗೆ ಕೊಟ್ಟಿದೆ.

ಬಹುಮಾನದ ಅಂಕ, ಸಿನಿಮಾ ಟಿಕೆಟ್ ರಿಯಾಯಿತಿ, ವಿಮಾನ ನಿಲ್ದಾಣದ ವಿಶ್ರಾಂತಿ ಕೋಣೆ ಇವುಗಳನ್ನು ಈ ಆಯ್ಕೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಬಳಕೆಯ ಲೆಕ್ಕ

₹25,000 ಠೇವಣಿಯಿಟ್ಟು, ಅದರ ಶೇ. 80ರಂತೆ ₹20,000 ಮಿತಿಯ ಕಾರ್ಡ್ ಪಡೆದಿರಿ ಎಂದುಕೊಳ್ಳೋಣ. ಮಿತಿಯ ಶೇ. 30ಕ್ಕಿಂತ ಕಡಿಮೆ, ಅಂದರೆ ₹6,000ರೊಳಗೆ ಬಳಸುವುದು ಅಂಕಕ್ಕೆ ಒಳ್ಳೆಯದು. ಹೇಗಿದ್ದರೂ ಮಾಡಲೇಬೇಕಾದ ಖರ್ಚುಗಳನ್ನು, ಅಂದರೆ ಗ್ಯಾಸ್ ಸಿಲಿಂಡರ್, ವಿದ್ಯುತ್ ಬಿಲ್ಲು, ಮಕ್ಕಳ ನೋಟುಪುಸ್ತಕಗಳನ್ನು ಮಾತ್ರ ಕಾರ್ಡಿನಲ್ಲಿ ಮಾಡಿ, ಆ ಹಣವನ್ನು ಅಂದೇ ತೆಗೆದಿರಿಸಿ, ಬಿಲ್ಲು ಬಂದಾಗ ಪೂರ್ತಿ ಕಟ್ಟಬೇಕು. ಹೀಗೆ ಮಾಡಿದರೆ ಒಂದು ರೂಪಾಯಿಯೂ ಬಡ್ಡಿ ಬೀಳುವುದಿಲ್ಲ.

ಬಿಲ್ಲಿನಲ್ಲಿ ಒಟ್ಟು ಬಾಕಿಯ ಪಕ್ಕದಲ್ಲೇ ‘ಕನಿಷ್ಠ ಪಾವತಿ’ ಎಂಬ ಸಣ್ಣ ಮೊತ್ತ ಇರುತ್ತದೆ. ಎಡವುವುದು ಇಲ್ಲಿಯೇ. ₹20,000 ಪೂರ್ತಿ ಬಾಕಿಯಿದ್ದು ತಿಂಗಳ ಬಡ್ಡಿ ಶೇ. 3.5 ಆಗಿದ್ದರೆ ಬಡ್ಡಿ ₹700, ಅದರ ಮೇಲೆ ಶೇ. 18ರ ಜಿಎಸ್‌ಟಿ ₹126, ಒಟ್ಟು ₹826. ಕನಿಷ್ಠ ಪಾವತಿಯೆಂದು ₹1,000 ಕಟ್ಟಿದರೆ ಸಾಲದಲ್ಲಿ ಇಳಿಯುವುದು ₹174 ಮಾತ್ರ. ಅತ್ತ ನಿಮ್ಮ ₹25,000 ಠೇವಣಿಗೆ ಶೇ. 6.5ರಂತೆ ಇಡೀ ವರ್ಷ ಸಿಗುವ ಬಡ್ಡಿ ₹1,625. ಎರಡೇ ತಿಂಗಳ ಕಾರ್ಡ್ ಬಡ್ಡಿ ಅದನ್ನು ನುಂಗಿಹಾಕುತ್ತದೆ. ಜೊತೆಗೆ, ಹಳೆಯ ಬಾಕಿ ಉಳಿದಿದ್ದರೆ ಹೊಸ ಖರ್ಚಿಗೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ಇರುವುದಿಲ್ಲ.

ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42. ಕಾರ್ಡ್ ಬಡ್ಡಿ ಶೇ. 30ನ್ನು ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ರದ್ದುಗೊಳಿಸಿತು. ಹೀಗಾಗಿ ಆ ತೀರ್ಪಿನ ಮಿತಿ ಈಗ ಗ್ರಾಹಕರ ನೆರವಿಗೆ ಬರುವುದಿಲ್ಲ.

ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಬೇಡಿ. ನಗದು ಶುಲ್ಕ ಕನಿಷ್ಠ ₹500 ಇರುವ ಕಾರ್ಡಿನಲ್ಲಿ ₹5,000 ತೆಗೆದರೆ ತೆರಿಗೆ ಸೇರಿ ₹590 ಅಲ್ಲೇ ಹೋಗುತ್ತದೆ. ಸಾಮಾನ್ಯವಾಗಿ ಬಡ್ಡಿಯೂ ಅದೇ ದಿನದಿಂದ ಓಡುತ್ತದೆ.

‘ಠೇವಣಿ ಇದೆಯಲ್ಲ, ಕಟ್ಟದಿದ್ದರೆ ಅದರಿಂದಲೇ ಹಿಡಿದುಕೊಳ್ಳಲಿ’ ಎಂಬ ಧೈರ್ಯವೂ ತಪ್ಪು. ಬ್ಯಾಂಕ್ ಠೇವಣಿಯಿಂದ ಹಣ ಹಿಡಿದುಕೊಳ್ಳುವ ಹೊತ್ತಿಗೆ ತಪ್ಪಿದ ಕಂತುಗಳು ವರದಿಗೆ ಹೋಗಿ ಆಗಿರುತ್ತವೆ. ಅಂಕವನ್ನು ಎತ್ತಲು ತಂದ ಕಾರ್ಡೇ ಅದನ್ನು ಇನ್ನಷ್ಟು ಇಳಿಸಿದಂತಾಗುತ್ತದೆ. ಒಂದೆರಡು ದಿನ ತಡವಾಗಿದ್ದರೆ ಮಾತ್ರ ಗಾಬರಿ ಬೇಡ: ಬಾಕಿ ಮೂರು ದಿನಗಳನ್ನು ಮೀರಿದ ಮೇಲೆಯೇ ಅದನ್ನು ತಡವೆಂದು ವರದಿ ಮಾಡಬೇಕೆಂಬ ನಿಯಮವಿದೆ.

ಫಲ ಒಂದೇ ತಿಂಗಳಲ್ಲಿ ಕಾಣುವುದಿಲ್ಲ. ಆರು ತಿಂಗಳಿಂದ ಒಂದು ವರ್ಷದವರೆಗೆ ತಪ್ಪದೆ ಕಟ್ಟಿದ ಮೇಲೆ ವರದಿಯನ್ನು ಮತ್ತೆ ತರಿಸಿ ನೋಡಿ. ‘ಹದಿನೈದು ದಿನಗಳಲ್ಲಿ ಸಿಬಿಲ್ ಸರಿ ಮಾಡಿಕೊಡುತ್ತೇವೆ’ ಎಂದು ಹಣ ಕೇಳುವವರನ್ನು ನಂಬಬಾರದು. ನಿಜವಾದ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ. ತಪ್ಪು ದಾಖಲೆಯನ್ನು ನೀವೇ ಉಚಿತವಾಗಿ ತಿದ್ದಿಸಬಹುದು. ಒಟಿಪಿಯನ್ನು ಯಾರಿಗೂ ಹೇಳಬಾರದು.

ಭಾಷೆಯ ಪ್ರಶ್ನೆ

ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿರ್ದೇಶನದ ಪ್ರಕಾರ, ಕಾರ್ಡಿನ ನಿಬಂಧನೆಗಳು ಕಾರ್ಡುದಾರನಿಗೆ ಅರ್ಥವಾಗುವ ಸರಳ ಭಾಷೆಯಲ್ಲಿ, ಸಾಧ್ಯವಾದ ಮಟ್ಟಿಗೆ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ಇರಬೇಕು. ವಯನಾಡಿನಲ್ಲಿ ಸ್ಥಳೀಯ ಭಾಷೆಯೆಂದರೆ ಬ್ಯಾಂಕಿನ ಮಟ್ಟಿಗೆ ಮಲಯಾಳ. ಮಾತಿನಲ್ಲಿ ಮಲಯಾಳ ಬಲ್ಲ, ಓದಿನಲ್ಲಿ ಕನ್ನಡವನ್ನಷ್ಟೇ ಬಲ್ಲ ತಾಯಂದಿರು ಸಹಿ ಹಾಕುವ ಹಾಳೆಯಲ್ಲಿ ಏನಿದೆಯೆಂದು ತಿಳಿಯದೆ ಸಹಿ ಹಾಕುತ್ತಾರೆ. ‘ಅರ್ಥವಾಗುವ ಭಾಷೆ’ ಎಂಬ ಮಾತನ್ನು ಹಿಡಿದು ವಿವರಣೆ ಕೇಳಲು ಸಂಕೋಚಪಡಬೇಕಾಗಿಲ್ಲ. ಅರ್ಜಿಯ ಜೊತೆ ಕೊಡಬೇಕಾದ ಒಂದು ಪುಟದ ಮುಖ್ಯ ಸಂಗತಿಗಳ ಹಾಳೆಯನ್ನು ಪಡೆದು, ಮನೆಗೆ ತಂದು, ಶಾಲೆಯ ಅಧ್ಯಾಪಕರಿಂದಲೋ ದೊಡ್ಡ ತರಗತಿಯ ಮಕ್ಕಳಿಂದಲೋ ಓದಿಸಿ, ಆಮೇಲೆ ಸಹಿ ಹಾಕಿ.

ಕೇಳದೆ ಕಾರ್ಡ್ ಕಳುಹಿಸುವಂತಿಲ್ಲ. ಬಾಕಿಯೆಲ್ಲ ತೀರಿಸಿ ಕಾರ್ಡ್ ಮುಚ್ಚಲು ಕೇಳಿಕೊಂಡರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ದಿನಕ್ಕೆ ₹500 ದಂಡವನ್ನು ಗ್ರಾಹಕರಿಗೆ ಕೊಡಬೇಕು. ಬ್ಯಾಂಕಿಗೆ ಕೊಟ್ಟ ದೂರಿಗೆ ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. 14448 ಎಂಬ ಶುಲ್ಕರಹಿತ ಸಂಖ್ಯೆಯಲ್ಲಿ ಕನ್ನಡದಲ್ಲೂ ಮಾಹಿತಿ ಕೇಳಬಹುದು. ಜಿಲ್ಲೆಯ ಲೀಡ್ ಬ್ಯಾಂಕ್ ಕೆನರಾ ಬ್ಯಾಂಕ್. ಸಾಲದ ವಿಷಯದಲ್ಲಿ ಮಾರ್ಗದರ್ಶನಕ್ಕಾಗಿ ಲೀಡ್ ಬ್ಯಾಂಕ್ ಕಚೇರಿಯನ್ನು ಸಂಪರ್ಕಿಸಬಹುದು.

ಮಕ್ಕಳ ಶಿಕ್ಷಣ ಸಾಲದ ಮಾತು

ತಂದೆತಾಯಿಯ ಅಂಕ ಸರಿಯಾಗುವವರೆಗೆ ಮಕ್ಕಳ ಕಾಲೇಜು ಕಾಯುವುದಿಲ್ಲ. ಆದ್ದರಿಂದ ಎರಡು ಸಂಗತಿಗಳು ತಿಳಿದಿರಲಿ. ತಂದೆತಾಯಿಯ ಸಾಲದ ಅಂಕ ಚೆನ್ನಾಗಿಲ್ಲ ಎಂಬುದು ಶಿಕ್ಷಣ ಸಾಲವನ್ನು ತಿರಸ್ಕರಿಸಲು ಕಾರಣವಾಗದು, ವಿದ್ಯಾರ್ಥಿಯ ಮುಂದಿನ ಗಳಿಕೆಯ ಶಕ್ತಿಯನ್ನು ನೋಡಬೇಕು ಎಂದು ಕೇರಳ ಹೈಕೋರ್ಟ್ 2020ರ ಪ್ರಕರಣವೊಂದರಲ್ಲಿ ಹೇಳಿದೆ. ವಿದ್ಯಾರ್ಥಿಯ ಅಂಕ ಕಡಿಮೆಯಿದ್ದರೂ ಬ್ಯಾಂಕುಗಳು ಮಾನವೀಯ ದೃಷ್ಟಿಯಿಂದ ನೋಡಬೇಕೆಂದು 2023ರಲ್ಲಿ ಅದೇ ನ್ಯಾಯಾಲಯ ಹೇಳಿತು. ಪ್ರತಿ ಪ್ರಕರಣದ ಸಂದರ್ಭ ಬೇರೆಯಾದರೂ, ಬ್ಯಾಂಕ್ ಬಾಯಿಮಾತಿನಲ್ಲಿ ಇಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಲು ಈ ತೀರ್ಪುಗಳು ಬಲ ಕೊಡುತ್ತವೆ. ಎರಡನೆಯದಾಗಿ, ಕೇಂದ್ರ ಸಂಪುಟವು 2024ರ ನವೆಂಬರ್ 6ರಂದು ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಶಿಕ್ಷಣ ಸಂಸ್ಥೆಗಳಿಗೆ ಸೇರಿದವರಿಗೆ ಒತ್ತೆಯಾಗಲಿ ಜಾಮೀನಾಗಲಿ ಇಲ್ಲದೆ ಸಾಲ ದೊರೆಯುತ್ತದೆ. ಸೀಟು ಒಪ್ಪಿಕೊಳ್ಳುವ ಮೊದಲೇ ಆ ಪಟ್ಟಿಯಲ್ಲಿ ಕಾಲೇಜಿನ ಹೆಸರಿದೆಯೇ ಎಂದು ನೋಡಬೇಕು.

ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ತಂದೆತಾಯಿ ತಮ್ಮ ವರದಿಯನ್ನು ತರಿಸಿ ನೋಡಿದರೆ, ಹನ್ನೆರಡನೆಯದು ಮುಗಿಯುವ ಹೊತ್ತಿಗೆ ಮೂರು ವರ್ಷಗಳಿಗೂ ಹೆಚ್ಚು ಕಾಲ ಕೈಯಲ್ಲಿರುತ್ತದೆ. ವರದಿಯ ಮೂವತ್ತಾರು ಮನೆಗಳನ್ನು ‘000’ಗಳಿಂದ ತುಂಬಲು ಅಷ್ಟು ಸಾಕು.